ನೋವಿನ ಮಾತ್ರೆಯಿಂದ ಹೊಟ್ಟೆ ಕಟ್ಟಿದಾಗ: ಇಸಬ್ಗೋಲ್ ಡಬ್ಬಿ ತೆರೆಯುವ ಮುನ್ನ

ಕರಿಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡವರು, ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಮೈಸೂರಿನಲ್ಲೋ ಮಂಗಳೂರಿನಲ್ಲೋ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರು. ಕೊಡಗಿನ ವಿರಾಜಪೇಟೆಯ ನಮ್ಮ ಔಷಧದ ಅಂಗಡಿಗೆ ಇಂಥವರ ಮನೆಯವರು ಬಂದು ಚೀಟಿ ಕೊಡುತ್ತಾರೆ. ಮಾತ್ರೆ ಎಣಿಸಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಪಕ್ಕದವರಿಗೆ ಕೇಳಿಸದಂತೆ ದನಿ ತಗ್ಗಿಸಿ, ಚೀಟಿಯಲ್ಲಿಲ್ಲದ ಇನ್ನೊಂದನ್ನು ಕೇಳುತ್ತಾರೆ: ಹೊಟ್ಟೆ ಕಟ್ಟಿದಾಗ ನೀರಿನಲ್ಲಿ ಕಲಕಿ ಕುಡಿಯುವ ನಾರಿನ ಪುಡಿ, ಇಸಬ್ಗೋಲ್.

ಕೇಳುವುದು ತಪ್ಪಲ್ಲ. ಹೊಟ್ಟೆ ಕಟ್ಟಿದರೆ ನಾರಿನಂಶ ಹೆಚ್ಚು ತಿನ್ನಿ ಎಂದು ಶಾಲೆಯ ಪುಸ್ತಕದಿಂದ ಹಿಡಿದು ಟಿವಿಯ ಜಾಹೀರಾತಿನವರೆಗೆ ಎಲ್ಲರೂ ಹೇಳಿದ್ದಾರೆ. ಸಾಮಾನ್ಯ ಮಲಬದ್ಧತೆಗೆ ಆ ಮಾತು ಸರಿಯೇ. ಆದರೆ ಓಪಿಯಾಯ್ಡ್ ಎಂಬ ಅಫೀಮು ವರ್ಗದ ನೋವುನಿವಾರಕಗಳಿಂದ ಹೊಟ್ಟೆ ಕಟ್ಟಿದಾಗ ನಾರಿನ ಪುಡಿ ಔಷಧವಲ್ಲ. ಕೆಲವರಲ್ಲಿ ಅದು ತೊಂದರೆಯನ್ನು ಹೆಚ್ಚಿಸುತ್ತದೆ.

ಮೊದಲು ಸ್ಟ್ರಿಪ್‌ನ ಹಿಂಬದಿ ಓದಿ

ಮನೆಯಲ್ಲಿರುವ ಮಾತ್ರೆ ಈ ವರ್ಗಕ್ಕೆ ಸೇರಿದ್ದೇ ಎಂದು ತಿಳಿದುಕೊಳ್ಳುವುದು ಮೊದಲ ಕೆಲಸ. ಕಂಪನಿ ಇಟ್ಟ ದಪ್ಪಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣದಾಗಿ ಅಚ್ಚಾಗಿರುವ ಔಷಧದ ಹೆಸರನ್ನು ನೋಡಿ. ಟ್ರಮಡಾಲ್, ಕೊಡೀನ್, ಟಾಪೆಂಟಡಾಲ್, ಮಾರ್ಫಿನ್, ಬುಪ್ರೆನಾರ್ಫಿನ್, ಫೆಂಟನಿಲ್ ಇವುಗಳಲ್ಲಿ ಯಾವುದಿದ್ದರೂ ಈ ಲೇಖನ ನಿಮಗೆ ಅನ್ವಯಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಕೊಟ್ಟಿದ್ದರೂ ಅಷ್ಟೇ. ಪಟ್ಟಿಯಲ್ಲಿ ತೊಂದರೆ ತುಸು ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎಂದಲ್ಲ.

ಹೆಚ್ಚಿನವರು ಎಡವುವುದು ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿಸಿದ ಮಾತ್ರೆಯಲ್ಲಿ. ‘ಅದು ಜ್ವರದ ಮಾತ್ರೆಯ ಸ್ವಲ್ಪ ಜೋರಾದ ನಮೂನೆ’ ಎಂದುಕೊಂಡಿರುತ್ತಾರೆ. ಟ್ರಮಡಾಲ್ 2018ರಿಂದ ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಚೀಟಿ ಇಲ್ಲದೆ ಕೊಡಲಾಗದು ಎಂದಾಗ ನಮ್ಮ ಮೇಲೆ ಸಿಟ್ಟಾಗುವವರು ಇದನ್ನೊಮ್ಮೆ ನೆನಪಿಸಿಕೊಳ್ಳಲಿ. ಮಾರ್ಫಿನ್ ಅಂತೂ ನಮ್ಮಂಥ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೇ ಹೋಗಬೇಕು.

ಸ್ಟ್ರಿಪ್ ಓದುವಾಗ ಉಳಿದ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ವಾಂತಿ ತಡೆಯುವ ಒಂಡಾನ್ಸೆಟ್ರಾನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೂ ಹೊಟ್ಟೆ ಕಟ್ಟಿಸುತ್ತವೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ, ‘ಇವುಗಳಲ್ಲಿ ಯಾವುದನ್ನಾದರೂ ಬಿಡಬಹುದೇ’ ಎಂದು ಕೇಳಿ.

ಕರುಳಿನಲ್ಲಿ ಆಗುವುದೇನು?

ಓಪಿಯಾಯ್ಡ್ ಮೆದುಳಿನಲ್ಲಿ ಹಿಡಿದುಕೊಳ್ಳುವ ತಾಣಗಳಂಥವೇ (ಇವನ್ನು ಗ್ರಾಹಕಗಳು ಎನ್ನುತ್ತಾರೆ) ಕರುಳಿನ ಗೋಡೆಯ ನರಜಾಲದಲ್ಲೂ ಇವೆ. ಔಷಧ ಅಲ್ಲಿ ಹಿಡಿದುಕೊಂಡಾಗ ಕರುಳು ಆಹಾರವನ್ನು ಮುಂದಕ್ಕೆ ತಳ್ಳುವ ಅಲೆಯಂಥ ಚಲನೆ ಕುಗ್ಗುತ್ತದೆ. ಕರುಳಿನೊಳಗೆ ಸ್ರವಿಸುವ ನೀರು ಕಡಿಮೆಯಾಗುತ್ತದೆ. ಮಲ ಒಂದೇ ಕಡೆ ಹೆಚ್ಚು ಹೊತ್ತು ನಿಂತು, ಇದ್ದ ನೀರೂ ಹೀರಿಹೋಗಿ ಗಟ್ಟಿಯಾಗುತ್ತದೆ. ಗುದದ್ವಾರದ ಸ್ನಾಯು ಬಿಗಿಯಾಗುತ್ತದೆ. ಹೀಗೆ ಮೂರು ನಾಲ್ಕು ಕಡೆಯಿಂದ ಒಟ್ಟಿಗೆ ತಡೆ.

ಇಸಬ್ಗೋಲ್ ಮತ್ತು ತೌಡಿನಂಥ ನಾರು ಕೆಲಸ ಮಾಡುವ ಬಗೆ ಬೇರೆ. ಅದು ನೀರು ಹೀರಿ ಉಬ್ಬುತ್ತದೆ, ಮಲದ ಗಾತ್ರ ಹೆಚ್ಚುತ್ತದೆ, ಗಾತ್ರ ಹೆಚ್ಚಿದಾಗ ಕರುಳಿನ ಗೋಡೆ ಹಿಗ್ಗಿ ತಾನಾಗಿ ತಳ್ಳುತ್ತದೆ. ತಳ್ಳುವ ಶಕ್ತಿಯೇ ಕುಂದಿರುವಾಗ ಗಾತ್ರ ಹೆಚ್ಚಿಸುವುದು, ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ ಜೀಪಿಗೆ ಮತ್ತಷ್ಟು ಕಾಫಿ ಮೂಟೆ ಹೇರಿದಂತೆ.

ನಂಬಿಕೆ ಬಾರದಿದ್ದರೆ ಅಡುಗೆಮನೆಯಲ್ಲೇ ನೋಡಬಹುದು. ಅರ್ಧ ಲೋಟ ನೀರಿಗೆ ಎರಡು ಚಮಚ ಇಸಬ್ಗೋಲ್ ಹಾಕಿ ಕಲಕಿ ಬದಿಗಿಡಿ. ಮೊದಲು ಹೊಟ್ಟಿನ ಚೂರುಗಳು ನೀರಿನಲ್ಲಿ ತೇಲಾಡುತ್ತವೆ. ಸ್ವಲ್ಪ ಹೊತ್ತಿಗೆ ನೀರು ಮಂದವಾಗಿ ಚಮಚಕ್ಕೆ ಅಂಟಿಕೊಳ್ಳತೊಡಗುತ್ತದೆ. ಇನ್ನೂ ಸ್ವಲ್ಪ ಬಿಟ್ಟರೆ ಲೋಟ ಓರೆ ಮಾಡಿದರೂ ಸುಲಭವಾಗಿ ಹರಿಯದ ಲೋಳೆ. ದಿನಕ್ಕೆ ನಾಲ್ಕು ಗುಟುಕು ನೀರು ಕುಡಿದು ಮಲಗಿರುವ ಅಜ್ಜನ ನಿಧಾನಗೊಂಡ ಕರುಳಿನಲ್ಲಿ ಇದು ಎರಡು ದಿನ ಕುಳಿತರೆ ಏನಾಗಬಹುದೆಂದು ನಾನು ವಿವರಿಸಬೇಕಿಲ್ಲ.

ನೋವಿನ ಮಾತ್ರೆ ಶುರುವಾದ ದಿನವೇ ಭೇದಿ ಮಾತ್ರೆ ಕೇಳಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು. ಓಪಿಯಾಯ್ಡ್ ಶುರುವಾದಾಗ ಬರುವ ವಾಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ತಗ್ಗುತ್ತವೆ. ದೇಹ ಅವಕ್ಕೆ ಹೊಂದಿಕೊಳ್ಳುತ್ತದೆ. ಮಲಬದ್ಧತೆಗೆ ಮಾತ್ರ ಹಾಗೆ ಹೊಂದಿಕೊಳ್ಳುವುದಿಲ್ಲ. ಮಾತ್ರೆ ನಡೆಯುವಷ್ಟು ದಿನವೂ ಅದು ಇರುತ್ತದೆ. ‘ನೋಡೋಣ, ಕಟ್ಟಿದರೆ ಆಮೇಲೆ ಕೊಡೋಣ’ ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯದು. ಚೀಟಿಯಲ್ಲಿ ನೋವಿನ ಮಾತ್ರೆ ಇದ್ದು ಭೇದಿ ಔಷಧ, ಅಂದರೆ ಮಲ ಹೊರಹೋಗುವಂತೆ ಮಾಡುವ ಔಷಧ ಇಲ್ಲದಿದ್ದರೆ, ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೇಳಿ ಬರೆಸಿಕೊಳ್ಳಿ.

ಸಾಮಾನ್ಯವಾಗಿ ಬರೆಯುವುದು ಎರಡು ಬಗೆ. ಕರುಳನ್ನು ಕೆರಳಿಸಿ ತಳ್ಳುವಂತೆ ಮಾಡುವವು ಒಂದು ಬಗೆ. ಸೋನಾಮುಖಿಯಿಂದ ಮಾಡುವ ಸೆನ್ನಾ ಮಾತ್ರೆ ಮತ್ತು ಬಿಸಾಕೊಡಿಲ್ ಇದರಲ್ಲಿ ಬರುತ್ತವೆ. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆಗೆ ಕೆಲಸ ಮಾಡುತ್ತವೆ. ಇನ್ನೊಂದು ಬಗೆ ಕರುಳಿನೊಳಗೆ ನೀರನ್ನು ಹಿಡಿದಿಡುವವು: ಲ್ಯಾಕ್ಟುಲೋಸ್ ಸಿರಪ್, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಇವು ಪರಿಣಾಮ ತೋರಿಸಲು ಒಂದೆರಡು ದಿನ ಬೇಕು, ಪುಡಿಗೆ ಕೆಲವೊಮ್ಮೆ ಮೂರು. ಮೊದಲ ದಿನವೇ ‘ಇದು ಪ್ರಯೋಜನವಿಲ್ಲ’ ಎಂದು ಬಾಟಲಿ ಮೂಲೆಗಿಡಬೇಡಿ. ಲ್ಯಾಕ್ಟುಲೋಸ್‌ನಿಂದ ಕೆಲವರಿಗೆ ಹೊಟ್ಟೆ ಉಬ್ಬರ, ಗ್ಯಾಸ್ ಆಗುತ್ತದೆ. ಹಾಗಾದರೆ ಬದಲಿಸಿಕೊಡುವಂತೆ ಹೇಳಿ. ಮಲ ಮೆತ್ತಗಾಗಿಸುವ ಡಾಕ್ಯುಸೇಟ್ ಒಂದನ್ನೇ ನಂಬಿ ಕೂರುವುದರಿಂದ ಹೆಚ್ಚು ಉಪಯೋಗವಿಲ್ಲ, ತಳ್ಳುವ ಶಕ್ತಿ ಅದರಿಂದ ಬರುವುದಿಲ್ಲ.

ಸಣ್ಣ ಸಂಗತಿಗಳು ಕೆಲವಿವೆ, ಚೀಟಿಯಲ್ಲಿ ಬರೆದಿರುವುದಿಲ್ಲ. ಬಿಸಾಕೊಡಿಲ್ ಮಾತ್ರೆಯ ಮೇಲಿನ ಲೇಪ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಬೇಕು. ಅದನ್ನು ಅಗಿಯಬಾರದು, ಪುಡಿ ಮಾಡಬಾರದು, ಮಲಗುವ ಮುನ್ನ ಕುಡಿಯುವ ಹಾಲಿನ ಜೊತೆ ನುಂಗಬಾರದು. ಹಾಲು ಅಥವಾ ಆಸಿಡಿಟಿಯ ಔಷಧಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಸೆನ್ನಾ ತೆಗೆದುಕೊಂಡಾಗ ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಬಹುದು. ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ತಿಂದು ಮರುದಿನ ಮೂತ್ರದ ಬಣ್ಣ ನೋಡಿ ನಗುವ ಊರಿನವರಿಗೆ ಇದರಿಂದ ಗಾಬರಿಯಾಗಬೇಕಿಲ್ಲ. ಮೆಗ್ನೀಷಿಯಾ ಇರುವ ಬಿಳಿ ದ್ರವವನ್ನು ಕಿಡ್ನಿ ತೊಂದರೆ ಇರುವವರಿಗೆ ಕೇಳದೆ ಕೊಡಬಾರದು. ಲಿಕ್ವಿಡ್ ಪ್ಯಾರಾಫಿನ್ ಇರುವುದನ್ನು ಮಲಗಿದಲ್ಲೇ ಇರುವವರಿಗೆ, ನುಂಗಲು ಕಷ್ಟಪಡುವವರಿಗೆ ಕುಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ಕಾಯಿಲೆ ಶುರುವಾಗುತ್ತದೆ.

ಇಷ್ಟರಿಂದಲೂ ಆಗದವರಿಗೆ ಕರುಳಿನಲ್ಲಿ ಮಾತ್ರ ಓಪಿಯಾಯ್ಡ್‌ನ ಹಿಡಿತ ಬಿಡಿಸುವ, ನೋವಿನ ಉಪಶಮನವನ್ನು ಹಾಗೇ ಉಳಿಸುವ ಔಷಧಗಳೂ ಇವೆ. ಅದು ತಜ್ಞರು ತೀರ್ಮಾನಿಸುವ ವಿಷಯ.

ಹೊಟ್ಟೆ ಬಿಡಲೆಂದು ನೋವಿನ ಮಾತ್ರೆ ಕಡಿಮೆ ಮಾಡಬೇಡಿ

ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಇದನ್ನು ಮಾಡುತ್ತಾರೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಮಾರ್ಫಿನ್ ಅನ್ನು ಎಂಟು ಗಂಟೆಗೊಮ್ಮೆ ಕೊಡುತ್ತಾರೆ. ನೋವು ಮರಳುತ್ತದೆ, ರೋಗಿ ಏಳುವುದಿಲ್ಲ, ಉಣ್ಣುವುದಿಲ್ಲ, ಹೊಟ್ಟೆ ಇನ್ನಷ್ಟು ಕಟ್ಟುತ್ತದೆ. ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಿದರೆ ಬೆವರು, ನಡುಕ, ಚಡಪಡಿಕೆಯೂ ಬರುತ್ತವೆ. ಪ್ರಮಾಣ ಬದಲಿಸುವುದಿದ್ದರೆ ಬರೆದುಕೊಟ್ಟವರನ್ನೇ ಕೇಳಿ.

ಚಳಿಗೆಂದು ಅಥವಾ ನಿದ್ದೆಗೆಂದು ಈ ಮಾತ್ರೆಯ ಜೊತೆ ಒಂದು ಪೆಗ್ ಬ್ರಾಂದಿ ಬೇಡ. ಹಬ್ಬದ ದಿನವೂ ಬೇಡ. ಎರಡೂ ಸೇರಿದರೆ ಉಸಿರಾಟ ಕುಗ್ಗಬಹುದು.

ಹಾಗಾದರೆ ಊಟದಲ್ಲಿ ನಾರು ಬೇಡವೇ?

ಬೇಕು. ಡಬ್ಬಿಯಲ್ಲಿ ಬರುವ ನಾರಿನ ಪುಡಿಗೂ ತಟ್ಟೆಯಲ್ಲಿರುವ ಸೊಪ್ಪು ಹಣ್ಣಿಗೂ ವ್ಯತ್ಯಾಸವಿದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಆರೋಗ್ಯವಂತರ ಲೆಕ್ಕ. ಕಾಯಿಲೆಯವರ ವಿಷಯದಲ್ಲಿ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಎದ್ದು ಓಡಾಡುತ್ತಾರೆಯೇ? ನೀರು ಕುಡಿಯುತ್ತಾರೆಯೇ?

ಎರಡಕ್ಕೂ ಹೌದು ಎಂದಾದರೆ ಮೊದಲು ತಿನ್ನುತ್ತಿದ್ದುದನ್ನೇ ತಿನ್ನಲಿ, ಸೊಪ್ಪು ಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಲಿ. ನಮ್ಮ ಜಿಲ್ಲೆಯ ಊಟ ಅಕ್ಕಿಯ ಮೇಲೆ ನಿಂತಿದೆ. ಕಡಂಬಿಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ರೊಟ್ಟಿ ಎಲ್ಲವೂ ಬಿಳಿ ಅಕ್ಕಿಯವೇ, ನಾರು ಕಡಿಮೆ. ಜೊತೆಗಿರುವ ಪಂದಿ ಕರಿಯ ಹಂದಿ ಮಾಂಸದಲ್ಲಿ ನಾರು ಇಲ್ಲವೇ ಇಲ್ಲ. ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಬಿಡುವುದಿಲ್ಲ. ಕಾಯಿಲೆಯಲ್ಲಿ ಬಾಯಿಗೆ ರುಚಿಸುವುದೇ ದೊಡ್ಡದು. ಪಕ್ಕದಲ್ಲಿ ಬೇಯಿಸಿದ ತರಕಾರಿ, ಸೊಪ್ಪಿನ ಪಲ್ಯ, ಬೇಳೆಯ ಸಾರು ಇರಲಿ ಅಷ್ಟೇ. ಹಣ್ಣಿಗೆ ತೋಟವೇ ಇದೆ. ಸೀಬೆ ಹಣ್ಣಿನಲ್ಲಿ 100 ಗ್ರಾಂಗೆ ಸುಮಾರು 5 ಗ್ರಾಂ ನಾರು, ಬಟರ್ ಫ್ರೂಟ್‌ನಲ್ಲಿ ಸುಮಾರು 6ರಿಂದ 7 ಗ್ರಾಂ. ಬಟರ್ ಫ್ರೂಟ್ ಮೆತ್ತಗಿರುವುದರಿಂದ ಹಲ್ಲಿಲ್ಲದವರಿಗೂ ಆಗುತ್ತದೆ. ಪಪ್ಪಾಯಿ, ಮಾಗಿದ ಬಾಳೆಹಣ್ಣು ಒಳ್ಳೆಯದು. ಕೊಡಗಿನ ಕಿತ್ತಳೆಯನ್ನು ರಸ ಹಿಂಡದೆ ತೊಳೆಯಾಗಿಯೇ ತಿನ್ನಿಸಿ, ಹಿಂಡಿದರೆ ನಾರೆಲ್ಲ ಸಿಪ್ಪೆಯ ಜೊತೆ ತಿಪ್ಪೆಗೆ ಹೋಗುತ್ತದೆ.

ಇಲ್ಲ ಎಂಬ ಉತ್ತರ ಬಂದರೆ, ಅಂದರೆ ಹಾಸಿಗೆಯಲ್ಲೇ ಇದ್ದಾರೆ, ಗುಟುಕು ಗುಟುಕಾಗಿ ಕುಡಿಯುತ್ತಾರೆ ಎಂದಾದರೆ, ನಾರಿನ ಚಿಂತೆಯನ್ನೇ ಬಿಡಿ. ಗಂಜಿ, ಮೊಸರನ್ನ, ಬೇಳೆಯ ತಿಳಿ, ಮೆತ್ತನೆಯ ಹಣ್ಣು ಏನು ಸೇರುತ್ತದೋ ಅದು ಸಾಕು. ಭೇದಿ ಔಷಧವೇ ಇಲ್ಲಿ ಆಸರೆ. ಮಳೆಗಾಲದಲ್ಲಿ ಮನೆಗೆ ಕಣಿಲೆ (ಎಳೆ ಬಿದಿರು) ಬಂದರೆ ಘಮಕ್ಕೆ ಆಸೆಯಾಗುವುದು ಸಹಜ, ಆದರೆ ಒರಟು ನಾರಿನ ಕಣಿಲೆ ಇಂಥವರಿಗೆ ಬೇಡ. ಸಾರಿನ ರಸದಲ್ಲಿ ಎರಡು ತುತ್ತು ಕಲಸಿ ಕೊಡಿ. ಹೊಟ್ಟೆಯ ಕ್ಯಾನ್ಸರ್ ಇರುವವರಿಗೆ, ಕರುಳು ಕಿರಿದಾಗಿದೆ ಎಂದು ಡಾಕ್ಟರು ಹೇಳಿದವರಿಗೆ ನಾರಿನಂಶವನ್ನು ಅವರನ್ನು ಕೇಳದೆ ಹೆಚ್ಚಿಸಲೇಬಾರದು.

ಒಮ್ಮೆ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡೇ ಅಂಗಡಿಗೆ ಬಂದಿದ್ದ.

“ಅಣ್ಣಾ, ಅಜ್ಜನಿಗೆ ನಾಲ್ಕು ದಿನದಿಂದ ಆಗಿಲ್ಲ. ಬೆಳಿಗ್ಗೆ ಎರಡು ಚಮಚ ಇಸಬ್ಗೋಲ್ ಕೊಟ್ಟಿದ್ದೇವೆ. ರಾತ್ರಿ ಇನ್ನೆರಡು ಕೊಡಬಹುದಾ?”

“ನೀರು ಎಷ್ಟು ಕುಡಿಯುತ್ತಾರೆ?”

“ಚಳಿ ಎಂದು ಮುಟ್ಟುವುದೇ ಇಲ್ಲ.”

“ಹಾಗಾದರೆ ಒಂದು ಚಮಚವೂ ಬೇಡ. ಹೊಟ್ಟೆ ಉಬ್ಬಿದೆಯೇ, ವಾಂತಿ ಇದೆಯೇ ನೋಡು. ಈಗಲೇ ಡಾಕ್ಟರಿಗೆ ಫೋನ್ ಮಾಡು.”

ನೀರು, ಕಾಫಿ, ಓಡಾಟ

ಹೃದಯ ಅಥವಾ ಕಿಡ್ನಿಯ ಕಾರಣಕ್ಕೆ ನೀರಿಗೆ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಒಳಗೆ ಹೋಗಲಿ. ಜುಲೈ ತಿಂಗಳ ಚಳಿಯಲ್ಲಿ ತಣ್ಣೀರು ಯಾರಿಗೂ ಬೇಡ. ಫ್ಲಾಸ್ಕ್‌ನಲ್ಲಿ ಬಿಸಿನೀರು ಅಥವಾ ಜೀರಿಗೆ ನೀರು ತುಂಬಿಸಿ ಹಾಸಿಗೆಯ ಪಕ್ಕದಲ್ಲಿಡಿ, ಮಾತ್ರೆ ಕೊಡುವಾಗಲೆಲ್ಲ ಪೂರ್ತಿ ಲೋಟ ಕೊಡಿ. ಬೆಳಗಿನ ಬೆಲ್ಲದ ಕಾಫಿಯನ್ನು ನಿಲ್ಲಿಸಬೇಕಿಲ್ಲ. ಕಾಫಿ ಕೆಲವರ ದೊಡ್ಡ ಕರುಳನ್ನು ಎಚ್ಚರಿಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು ಕೊಡಿ. ನಡೆಯಬಲ್ಲವರು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಲಿ.

ಕೂರುವ ಜಾಗ

ಇದನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಮನೆಗಳಲ್ಲಿ ಶೌಚಾಲಯ ಹಿತ್ತಲಿನಾಚೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇನ್ನೂ ದೂರ. ಮಳೆ, ಜಾರುವ ಅಂಗಳ, ಜಿಗಣೆ. ಸೊಂಟ ಮುರಿದವರು ಒಬ್ಬರನ್ನು ಕರೆದು ಅಷ್ಟು ದೂರ ಹೋಗುವ ಮುಜುಗರಕ್ಕೆ ‘ಆಮೇಲೆ ನೋಡೋಣ’ ಎಂದು ತಡೆದುಕೊಳ್ಳುತ್ತಾರೆ. ಎರಡು ಮೂರು ಸಲ ತಡೆದುಕೊಂಡರೆ ಇದ್ದ ಸೂಚನೆಯೂ ಹೋಗುತ್ತದೆ. ಸೊಸೆಗೆ ತೊಂದರೆಯಾಗಬಾರದೆಂದು ಊಟವನ್ನೇ ಕಡಿಮೆ ಮಾಡುವ ಅತ್ತೆಯರೂ ಇದ್ದಾರೆ.

ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ, ಅಥವಾ ಕೊಂಡುಕೊಳ್ಳಿ. ಅದನ್ನು ಮಲಗುವ ಕೋಣೆಯ ಮೂಲೆಯಲ್ಲಿಟ್ಟು ಮುಂದೆ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿ. ಕೂತಾಗ ಕಾಲ ಕೆಳಗೆ ಮಣೆ ಅಥವಾ ಗಿಡ್ಡ ಸ್ಟೂಲ್ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ, ಸ್ವಲ್ಪ ಮುಂದಕ್ಕೆ ಬಾಗಲಿ. ಕುಕ್ಕರುಗಾಲಿನ ಭಂಗಿಗೆ ಇದು ಹತ್ತಿರ, ಮಲ ಹೊರಬರುವ ದಾರಿ ನೇರವಾಗುತ್ತದೆ. ಸೊಂಟ ಅಥವಾ ಮಂಡಿಯ ಶಸ್ತ್ರಚಿಕಿತ್ಸೆ ಆದವರು ಎಷ್ಟು ಬಾಗಬಹುದೆಂದು ಮೊದಲು ಕೇಳಿಕೊಳ್ಳಬೇಕು. ಬೆಳಗಿನ ತಿಂಡಿಯಾಗಿ ಅರ್ಧ ಗಂಟೆಯೊಳಗೆ ಕೂರಿಸಿ, ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಸಹಜವಾಗಿ ಅಲುಗಾಡುವ ಹೊತ್ತು ಅದು. ಹತ್ತು ನಿಮಿಷದಲ್ಲಿ ಆಗದಿದ್ದರೆ ಎಬ್ಬಿಸಿ. ಮುಕ್ಕರಿಯುವುದು ಬೇಡ. ಬಾಗಿಲಾಚೆ ನಿಂತು ಐದು ನಿಮಿಷಕ್ಕೊಮ್ಮೆ ‘ಆಯ್ತಾ’ ಎಂದು ಕೂಗುವುದಂತೂ ಖಂಡಿತ ಬೇಡ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಗೋಡೆಯ ಕ್ಯಾಲೆಂಡರ್, ದಾರ ಕಟ್ಟಿದ ಪೆನ್ಸಿಲ್. ಮಲವಿಸರ್ಜನೆ ಆದ ದಿನ ಒಂದು ಗುರುತು. ಪಕ್ಕದಲ್ಲಿ ಒಂದಂಕಿ: ಗಟ್ಟಿ ಹಿಕ್ಕೆಯಂತಿದ್ದರೆ 1, ಗಂಟುಗಂಟಾದ ಉದ್ದನೆಯದಾದರೆ 2, ಮೇಲೆ ಬಿರುಕಿರುವುದಾದರೆ 3, ನುಣುಪಾಗಿ ಮೆತ್ತಗಿದ್ದರೆ 4. ಇವು ಬ್ರಿಸ್ಟಲ್ ಪಟ್ಟಿಯ ಅಂಕಿಗಳು, ಡಾಕ್ಟರಿಗೂ ಅರ್ಥವಾಗುತ್ತವೆ. ಅದರಲ್ಲಿ ಒಟ್ಟು 7 ಬಗೆಗಳಿದ್ದು, 5ರಿಂದ ಮುಂದಿನವು ತೆಳುವಾಗುತ್ತಾ ಹೋಗುತ್ತವೆ. ನಮಗೆ ಬೇಕಾದದ್ದು 3 ಮತ್ತು 4, ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ. ಎರಡು ದಿನ ಖಾಲಿ ಇದ್ದರೆ ಫೋನ್ ಮಾಡಿ ಪ್ರಮಾಣ ಹೆಚ್ಚಿಸಬೇಕೇ ಎಂದು ಕೇಳಿ. ಮೂರನೆಯ ದಿನವೂ ಖಾಲಿ ಎಂದಾದರೆ ಡಾಕ್ಟರೋ ನರ್ಸೋ ನೋಡಲೇಬೇಕು, ಗುದದಲ್ಲಿ ಇಡುವ ಮಾತ್ರೆ ಅಥವಾ ಎನಿಮಾ ಬೇಕಾಗಬಹುದು.

ಅದನ್ನು ಮನೆಯಲ್ಲೇ ಸೋಪಿನ ಚೂರಿನಿಂದ ಮಾಡಲು ಹೋಗಬೇಡಿ, ಒಳಪದರ ಉರಿದು ಹುಣ್ಣಾಗುತ್ತದೆ. ನಿತ್ರಾಣವಾದವರಿಗೆ ಹರಳೆಣ್ಣೆಯೂ ಬೇಡ. ಕೀಮೋಥೆರಪಿ ನಡೆಯುತ್ತಿದ್ದು ರಕ್ತಕಣ ಕಡಿಮೆ ಇರುವವರಿಗೆ ಗುದದ ಮೂಲಕ ಏನನ್ನೂ ಹಾಕುವ ಮುನ್ನ ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ಹಲವು ದಿನ ಕಟ್ಟಿದ್ದು ಇದ್ದಕ್ಕಿದ್ದಂತೆ ನೀರಿನಂತೆ ಸೋರತೊಡಗಿದರೆ ‘ಬಿಟ್ಟಿತು’ ಎಂದು ಸಮಾಧಾನಪಡಬೇಡಿ. ಗಟ್ಟಿ ಮಲದ ಬದಿಯಿಂದ ಮೇಲಿನ ನೀರು ಜಿನುಗುತ್ತಿರಬಹುದು. ಅದನ್ನು ಭೇದಿ ಎಂದುಕೊಂಡು ನಿಲ್ಲಿಸುವ ಮಾತ್ರೆ ಕೊಟ್ಟರೆ ಅನಾಹುತ. ನಮ್ಮ ಅಂಗಡಿಗೆ ಭೇದಿ ನಿಲ್ಲಿಸುವ ಮಾತ್ರೆ ಕೇಳಿ ಬಂದವರನ್ನೂ ಅದಕ್ಕೇ ‘ಇದಕ್ಕೆ ಮೊದಲು ಎಷ್ಟು ದಿನ ಕಟ್ಟಿತ್ತು’ ಎಂದು ಕೇಳುತ್ತೇವೆ.

ಕಾಯದೆ ಹೊರಡಬೇಕಾದಾಗ

ಹೊಟ್ಟೆ ಉಬ್ಬಿ ಬಿಗಿಯಾಗಿದೆ, ವಾಂತಿಯಾಗುತ್ತಿದೆ, ಗಾಳಿಯೂ ಹೋಗುತ್ತಿಲ್ಲ. ಅಥವಾ ಮಲದಲ್ಲಿ ರಕ್ತ, ತಡೆಯಲಾಗದ ಹಿಂಡುವ ನೋವು. ಹೀಗಿದ್ದಾಗ ಭೇದಿ ಮಾತ್ರೆಯನ್ನೂ ಕೊಡದೆ ಆಸ್ಪತ್ರೆಗೆ ಹೊರಡಿ, ಕರುಳು ಮುಚ್ಚಿರುವ ಸಾಧ್ಯತೆ ಇದೆ. ಕ್ಯಾನ್ಸರ್ ರೋಗಿಗೆ ಹೊಸದಾಗಿ ಕಾಲಿನ ಶಕ್ತಿ ಕುಂದಿ, ಬೆನ್ನುನೋವು ಹೆಚ್ಚಿ, ಮಲ ಮೂತ್ರದ ಹಿಡಿತ ತಪ್ಪಿದರೂ ಅದೇ ದಿನ ತೋರಿಸಬೇಕು. ಅದು ಬೆನ್ನುಹುರಿಯ ವಿಷಯವಾಗಿರಬಹುದು. ವಯಸ್ಸಾದವರಲ್ಲಿ ಮೂತ್ರ ಕಟ್ಟುವುದು, ಗೊಂದಲಗೊಂಡು ಏನೇನೋ ಮಾತನಾಡುವುದು, ಊಟ ಸೇರದಿರುವುದು ಇವುಗಳ ಹಿಂದೆಯೂ ಕೆಲವೊಮ್ಮೆ ತುಂಬಿ ಕೂತ ಕರುಳೇ ಇರುತ್ತದೆ.

ಮಳೆಗಾಲದಲ್ಲಿ ಸಂಜೆಯಾದ ಮೇಲೆ ಮರ ಬಿದ್ದು ರಸ್ತೆ ಮುಚ್ಚುವ ಕಡೆ ಮನೆಯಿದ್ದರೆ ಬೆಳಕಿರುವಾಗಲೇ ನಿರ್ಧರಿಸಿ, 108ಕ್ಕೆ ಕರೆ ಮಾಡಿ. ಜೂನ್ ಬರುವ ಮುನ್ನ ನೋವಿನ ಮಾತ್ರೆಯ ಜೊತೆಗೆ ಭೇದಿ ಔಷಧದ ದಾಸ್ತಾನನ್ನೂ ನೋಡಿಕೊಳ್ಳಿ. ನೋವಿನದನ್ನು ನೆನಪಿಟ್ಟು ತರುವವರು ಇದನ್ನು ಮರೆಯುತ್ತಾರೆ.

ಮಾತ್ರೆ ನಿಂತ ಮೇಲೆ

ಮೂಳೆ ಕೂಡಿ ನೋವಿನ ಮಾತ್ರೆ ನಿಂತರೂ ಭೇದಿ ಔಷಧವನ್ನು ಅದೇ ದಿನ ಬಿಡಬೇಡಿ. ಕರುಳಿಗೆ ತನ್ನ ನಡೆಗೆ ಮರಳಲು ಕೆಲವು ದಿನ ಬೇಕು, ಕ್ಯಾಲೆಂಡರ್ ನೋಡಿಕೊಂಡು ಡಾಕ್ಟರು ಹೇಳಿದಂತೆ ಕಡಿಮೆ ಮಾಡುತ್ತಾ ಬನ್ನಿ. ಆಮೇಲೂ ಹಳೆಯ ಅಭ್ಯಾಸದ ಮಲಬದ್ಧತೆ ಉಳಿದಿದ್ದರೆ, ಎದ್ದು ಓಡಾಡುವವರು ಇಸಬ್ಗೋಲ್ ತೆಗೆದುಕೊಳ್ಳಬಹುದು: ದೊಡ್ಡ ಲೋಟದ ತುಂಬ ನೀರಿನಲ್ಲಿ, ಕಲಕಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಉಳಿದ ನೋವಿನ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲಿಡಬೇಡಿ, ಸೊಂಟ ನೋವೆಂದು ಬಂದ ಪಕ್ಕದ ಮನೆಯವರಿಗೂ ಕೊಡಬೇಡಿ. ಮಾರ್ಫಿನ್ ಉಳಿದಿದ್ದರೆ ಕೊಟ್ಟ ಸಂಸ್ಥೆಗೇ ಹಿಂದಿರುಗಿಸಿ.